ಒದ್ದ ಕಾಲು ನೆಲಕ್ಕೆ ಬರುವ ಮೊದಲು

ಕೊರಿಯಾದ ಸಮರಕಲೆ ಟೇಕ್ವಾಂಡೊ ಮಾತು ಬಂದರೆ ಸಾಕು, ಜನ ಎರಡು ಪಾಲಾಗುತ್ತಾರೆ. "ಅದು ಬರೀ ಶೋ ಗುರು, ನಿಜವಾದ ಜಗಳದಲ್ಲಿ ನಡೆಯಲ್ಲ" ಅನ್ನೋರು ಒಂದು ಕಡೆ. "ಬ್ಲ್ಯಾಕ್ ಬೆಲ್ಟ್ ಆಗ್ಲಿ, ನಾಲ್ಕು ಜನ ಬಂದ್ರೂ ನೋಡ್ಕೋಬಹುದು" ಅನ್ನೋರು ಇನ್ನೊಂದು ಕಡೆ. ಹೈಸ್ಕೂಲಿಗೆ ಹೋಗೋ ಮಗಳನ್ನ ಕ್ಲಾಸಿಗೆ ಸೇರಿಸಬೇಕು ಅಂತ ಹೊರಟ ಅಪ್ಪ ಅಮ್ಮ ಈ ಇಬ್ಬರ ಮಾತು ಕೇಳಿ ಗೊಂದಲಕ್ಕೆ ಬೀಳ್ತಾರೆ. ಅಂಥವರನ್ನ ಮನಸ್ಸಲ್ಲಿಟ್ಟುಕೊಂಡೇ ಇದನ್ನ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ನನ್ನ ನಿಲುವು ಇದು. ಟೇಕ್ವಾಂಡೊ ಅಂತರದ ಕಲೆ. ಎದುರಾಳಿ ಒಂದು ಕಾಲಳತೆ ದೂರದಲ್ಲಿ ಇರುವ ತನಕ ಇದರಷ್ಟು ವೇಗದ, ಇದರಷ್ಟು ಬಗೆಬಗೆಯ ಒದೆ ಬೇರೆ ಕಡೆ ಸಿಗೋದು ಕಷ್ಟ. ಆ ದೂರ ಮುರಿದು ಅವನು ಎದೆಗೆ ಎದೆ ತಾಗಿಸಿ, ಕೊರಳಪಟ್ಟಿಗೆ ಕೈ ಹಾಕಿದ ಮೇಲೆ ಏನು ಮಾಡಬೇಕು ಅನ್ನೋದನ್ನ ಇವತ್ತಿನ ಬಹುಪಾಲು ಕ್ಲಾಸುಗಳಲ್ಲಿ ಅಭ್ಯಾಸ ಮಾಡಿಸಲ್ಲ. ಪಂದ್ಯದ ನಿಯಮ ಅದನ್ನ ಕೇಳಲ್ಲ, ಅದಕ್ಕೆ. ಇಡೀ ವಾದ ನಿಂತಿರೋದು ಈ ಒಂದು ಜಾಗದಲ್ಲಿ.

ಮೊದಲು ಒದೆಯನ್ನೇ ಹತ್ತಿರದಿಂದ ನೋಡೋಣ. ದೊಲ್ಯೊ ಚಾಗಿ, ಪಕ್ಕದಿಂದ ಸುತ್ತಿ ಬರುವ ಒದೆ, ಕ್ಲಾಸಿನಲ್ಲಿ ದಿನಕ್ಕೆ ನೂರು ಸಲ ಹೊಡೆಸುವಂಥದ್ದು. ಹಿಂದಿನ ಕಾಲಿನ ಮಂಡಿ ಮೊದಲು ನೇರವಾಗಿ ಮುಂದಕ್ಕೆ ಏಳಬೇಕು. ಆ ಗಳಿಗೆಯಲ್ಲಿ ಎದುರಿನವನಿಗೆ ಇದು ನೇರ ಒದೆಯೋ ಸುತ್ತು ಒದೆಯೋ ಗೊತ್ತಾಗಬಾರದು. ಅದೇ ಹೊತ್ತಿಗೆ ನೆಲದ ಮೇಲಿರುವ ಪಾದ ಬೆರಳಬುಡದ ಮೇಲೆ ತಿರುಗಿ, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಆಮೇಲೆ ಸೊಂಟ ಹೊರಳುತ್ತೆ. ಕಟ್ಟಕಡೆಗೆ ಮಂಡಿಯಿಂದ ಕೆಳಗಿನ ಕಾಲು ಚಾಟಿಯ ಹಾಗೆ ಬಿಚ್ಚಿಕೊಳ್ಳುತ್ತೆ. ನಿಂತ ಪಾದ ತಿರುಗಲಿಲ್ಲ ಅಂದರೆ ಸೊಂಟ ಅಲ್ಲೇ ಸಿಕ್ಕಿಕೊಳ್ಳುತ್ತೆ, ತಿರುಚಿದ ಬಲವೆಲ್ಲ ನಿಂತ ಕಾಲಿನ ಮಂಡಿ ಮೇಲೆ ಬೀಳುತ್ತೆ. ಒದೆಗೆ ಶಕ್ತಿಯೂ ಇಲ್ಲ, ಮಂಡಿಗೆ ಪೆಟ್ಟು ಬೇರೆ. ಮೇಲಿನ ಕಾಲು ಎಷ್ಟು ಎತ್ತರಕ್ಕೆ ಹೋಯ್ತು ಅಂತ ನೋಡೋ ಮಾಸ್ಟರ್‌ಗಿಂತ ಕೆಳಗಿನ ಹಿಮ್ಮಡಿ ಎತ್ತ ತಿರುಗಿದೆ ಅಂತ ನೋಡೋ ಮಾಸ್ಟರ್ ಸಾವಿರ ಪಾಲು ಮೇಲು.

ಈ ಒದೆ ಸರಿಯಾಗಿ ದವಡೆಗೆ ಬಿದ್ದರೆ ಆಟ ಅಲ್ಲಿಗೇ ಮುಗೀತು, ಅದರಲ್ಲಿ ಸಂಶಯ ಬೇಡ. ಆದರೆ ಮ್ಯಾಟ್ ಮೇಲೆ ನಾವು ಹೊಡೆಯೋದು ಪಾದದ ಮೇಲ್ಭಾಗದಿಂದ, ಅದೂ ಮೆತ್ತನೆಯ ಚೆಸ್ಟ್ ಗಾರ್ಡ್‌ಗೆ. ಗಾರ್ಡ್ ಇಲ್ಲದವನು ಗಾಬರಿಯಲ್ಲಿ ಮೊಣಕೈ ಕೆಳಗೆ ತಂದರೆ ಅದರ ತುದಿಗೆ ನಮ್ಮ ಪಾದದ ಸಣ್ಣ ಮೂಳೆಗಳು ಹೋಗಿ ಬಡಿಯುತ್ತವೆ. ಮುರಿಯೋದು ಒದ್ದವನ ಪಾದ. ಥಾಯ್ಲೆಂಡಿನ ಮುಯೆ ಥಾಯ್ ಕಾದಾಟದವರು ಇದೇ ಒದೆಯನ್ನ ಶಿನ್‌ನಿಂದ, ಅಂದರೆ ಮಂಡಿ ಕೆಳಗಿನ ಮುಂಭಾಗದ ಮೂಳೆಯಿಂದ ಹೊಡೆಯೋದು ಸುಮ್ಮನೆ ಅಲ್ಲ. ಶೂ ಹಾಕಿದ್ದರೆ ತೊಂದರೆ ಸ್ವಲ್ಪ ಕಮ್ಮಿ, ಹವಾಯಿ ಚಪ್ಪಲಿಯಲ್ಲಿ ಒದೆಯೋಕೆ ಹೋದರೆ ಚಪ್ಪಲಿ ಮುಂಚೆ ಹಾರುತ್ತೆ.

ಹಾಗಾದರೆ ಕೊರತೆ ಎಲ್ಲಿ ಬಂತು? "ಎರಡು ಸಾವಿರ ವರ್ಷದ ಕಲೆ" ಅನ್ನೋ ಪ್ರಚಾರವನ್ನ ಪಕ್ಕಕ್ಕಿಟ್ಟರೆ ಇದರ ಇತಿಹಾಸ ನಮ್ಮ ತಾತಂದಿರ ಕಾಲದ್ದು. ಜಪಾನಿನಲ್ಲಿ ಶೊಟೊಕಾನ್ ಕರಾಟೆ ಕಲಿತು ಬಂದ ಲೀ ವೊನ್‌ಕುಕ್ 1944 ರಲ್ಲಿ ಕೊರಿಯಾದ ಸೋಲ್‌ನಲ್ಲಿ ಚುಂಗ್ ದೊ ಕ್ವಾನ್ ಅನ್ನೋ ಸಮರಕಲೆ ಶಾಲೆ ಶುರುಮಾಡಿದರು. ಟೇಕ್ವಾಂಡೊ ಅನ್ನೋ ಹೆಸರು ಬಂದದ್ದು 1955 ರಲ್ಲಿ, ಜನರಲ್ ಚೊಯ್ ಹೊಂಗ್ ಹಿ ಮುಂದಿಟ್ಟದ್ದು. ಅವರೂ ಜಪಾನಿನಲ್ಲಿ ಕರಾಟೆ ಕಲಿತವರೇ. ಅವರು ಅದನ್ನ ಕಲಿಸಿದ್ದು ಸೈನಿಕರಿಗೆ. 1960ರ ದಶಕದಲ್ಲಿ ಕೊರಿಯಾದ ಸೇನೆಯ ತರಬೇತುದಾರರು ದಕ್ಷಿಣ ವಿಯೆಟ್ನಾಮಿಗೆ ಹೋಗಿ ಅಲ್ಲಿನ ಸೈನಿಕರಿಗೂ ಹೇಳಿಕೊಟ್ಟರು. ಅಂದರೆ ಹುಟ್ಟಿನಲ್ಲಿ ಇದು ಆಟ ಆಗಿರಲಿಲ್ಲ.

ಪಂದ್ಯ ಬೆಳೆದ ಹಾಗೆ ಕರಾಟೆಗಿಂತ ಬೇರೆ ಕಾಣಬೇಕು ಅನ್ನೋ ಹಂಬಲವೂ ಸೇರಿ ಕಾಲಿಗೆ ಮಹತ್ವ ಬಂತು. 1973 ರಲ್ಲಿ ವಿಶ್ವ ಒಕ್ಕೂಟ ಆಯ್ತು, 1988 ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಆಯ್ತು, 2000 ದ ಸಿಡ್ನಿಯಲ್ಲಿ ಪದಕದ ಆಟವೇ ಆಯ್ತು. ಈ ನಿಯಮದಲ್ಲಿ ಮುಖಕ್ಕೆ ಗುದ್ದೋ ಹಾಗಿಲ್ಲ. ಸೊಂಟದ ಕೆಳಗೆ ಒದೆಯೋ ಹಾಗಿಲ್ಲ. ಹಿಡಿಯೋ ಹಾಗಿಲ್ಲ. ಮೈಗೆ ಗುದ್ದಿದರೆ 1 ಅಂಕ, ಮೈಗೆ ಒದ್ದರೆ 2, ತಲೆಗೆ ಒದ್ದರೆ 3, ತಿರುಗಿ ಒದ್ದರೆ ಇನ್ನೂ ಜಾಸ್ತಿ. ಕೆಳಗೆ ಬಿದ್ದರೆ ಗಮ್‌ಜಮ್, ಅಂದರೆ ದಂಡ, ಎದುರಾಳಿಗೆ ಒಂದು ಅಂಕ ದಾನ. ಇಷ್ಟು ಗೊತ್ತಿದ್ದ ಬುದ್ಧಿವಂತ ಆಟಗಾರ ಏನು ಮಾಡ್ತಾನೆ? ಕೈ ಕೆಳಗೆ ಬಿಟ್ಟುಕೊಂಡು ನಿಲ್ಲುತ್ತಾನೆ. ಮುಖಕ್ಕೆ ಗುದ್ದು ಬರೋದೇ ಇಲ್ಲ ಅಂದ ಮೇಲೆ ಕೈ ಮೇಲೆತ್ತಿ ಭುಜ ಯಾಕೆ ದಣಿಸಬೇಕು? ಅವನು ಮಾಡಿದ್ದು ತಪ್ಪಲ್ಲ, ಆ ಆಟಕ್ಕೆ ಅದೇ ಸರಿ. ತಪ್ಪಾಗೋದು ಅದೇ ನಿಲುವನ್ನ ಆತ್ಮರಕ್ಷಣೆ ಅಂತ ಹೇಳಿಕೊಟ್ಟಾಗ.

ಎಲೆಕ್ಟ್ರಾನಿಕ್ ಗಾರ್ಡ್ ಬಂದ ಮೇಲೆ ಪಂದ್ಯಕ್ಕೂ ಆತ್ಮರಕ್ಷಣೆಗೂ ನಡುವಿನ ಈ ದೂರ ಇನ್ನೂ ಹೆಚ್ಚಾಯ್ತು ಅನ್ನೋದು ನನ್ನ ಖಚಿತ ಅಭಿಪ್ರಾಯ. ಮೊದಲೆಲ್ಲ ಮೂಲೆಯಲ್ಲಿ ಕೂತ ತೀರ್ಪುಗಾರರು ಬಟನ್ ಒತ್ತಬೇಕಿತ್ತು. ಎದುರಾಳಿಯ ಮೈ ಅಲುಗಿ ಹೋಗುವಷ್ಟು ಗಟ್ಟಿ ಪೆಟ್ಟು ಬಿದ್ದರೆ ಮಾತ್ರ ಒತ್ತುತ್ತಿದ್ದರು, ಹಾಗಾಗಿ ಹಿಂದಿನ ಕಾಲಿನಿಂದ ಸೊಂಟ ಹಾಕಿ ಹೊಡೆಯದೆ ಬೇರೆ ದಾರಿ ಇರಲಿಲ್ಲ. 2012 ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಗಾರ್ಡ್ ಒಳಗೂ ಸಾಕ್ಸ್ ಒಳಗೂ ಸೆನ್ಸರ್ ಬಂತು. ಆಯಾ ತೂಕದ ವಿಭಾಗಕ್ಕೆ ಇಷ್ಟು ಅಂತ ಮಿತಿ ಇರುತ್ತೆ, ಅಷ್ಟು ದಾಟಿದರೆ ಅಂಕ. ಆಟಗಾರರು ಆ ಮಿತಿಯನ್ನೇ ಗುರಿ ಮಾಡಿಕೊಂಡರು. ಮುಂದಿನ ಕಾಲನ್ನ ಗಾಳಿಯಲ್ಲಿ ಎತ್ತಿಟ್ಟುಕೊಂಡು ಕತ್ತಿವರಸೆ ಥರ ಚುಚ್ಚೋದು, ಮೈಗೆ ಮೈ ಅಂಟಿಸಿ ನಿಂತು ಪಾದವನ್ನ ವಿಚಿತ್ರವಾಗಿ ತಿರುಚಿ ಬೆನ್ನ ಹತ್ತಿರ ತಾಗಿಸೋದು, ಇವೆಲ್ಲ ಹುಟ್ಟಿದ್ದು ಹಾಗೆ. ಕಾಲನ್ನ 3 ಸೆಕೆಂಡಿಗಿಂತ ಹೆಚ್ಚು ಹೊತ್ತು ಎತ್ತಿ ಹಿಡಿದರೆ ದಂಡ ಅಂತ ಆಮೇಲೆ ನಿಯಮವನ್ನೇ ಮಾಡಬೇಕಾಯ್ತು. ಹೊಟ್ಟೆಗೆ ತಾಗಿ ಅಂಕ ತರೋ ಆ ಚುಚ್ಚು ಒದೆಯನ್ನ 80 ಕಿಲೋ ತೂಕದ ಸಿಟ್ಟಿನ ಮನುಷ್ಯನಿಗೆ ಕೊಟ್ಟರೆ ಅವನು ನಿಲ್ಲೋದೂ ಇಲ್ಲ.

ಇಲ್ಲೊಂದು ವಿಷಯ ನನಗೆ ಯಾವಾಗಲೂ ಬೇಜಾರು ತರಿಸುತ್ತೆ. ಕೈಯ ವಿದ್ಯೆ ಟೇಕ್ವಾಂಡೊದಲ್ಲಿ ಇಲ್ಲ ಅಂತಲ್ಲ. ಪೂಮ್ಸೆ ಅಂದರೆ ಒಬ್ಬರೇ ಕ್ರಮವಾಗಿ ಮಾಡಿ ತೋರಿಸೋ ಚಲನೆಗಳ ಸರಣಿ. ಹೊಸಬರು ಕಲಿಯೋ ಮೊದಲ ಪೂಮ್ಸೆ, ತೇಗುಕ್ ಇಲ್ ಜಾಂಗ್ ತಗೊಳ್ಳಿ. ಅದರಲ್ಲಿ ಒದೆ ಇರೋದು ಎರಡೇ, ಎರಡೂ ಆಪ್ ಚಾಗಿ, ಅಂದರೆ ಮುಂದಕ್ಕೆ ನೇರ ಒದೆ. ಉಳಿದದ್ದೆಲ್ಲ ಬ್ಲಾಕ್, ಗುದ್ದು. ಮೇಲಿನ ಪೂಮ್ಸೆಗಳಲ್ಲಿ ಮೊಣಕೈ ಏಟಿದೆ, ಮಂಡಿ ಏಟಿದೆ, ಅಂಗೈ ಅಂಚಿನ ಏಟಿದೆ. ಬೆಲ್ಟ್ ಪರೀಕ್ಷೆಯಲ್ಲಿ ಅಷ್ಟನ್ನೂ ಗಾಳಿಯಲ್ಲಿ ಹೊಡೆದು ತೋರಿಸ್ತಾರೆ, ಸ್ಪಾರಿಂಗ್‌ಗೆ, ಅಂದರೆ ಇಬ್ಬರು ಎದುರುಬದುರು ಆಡೋ ಅಭ್ಯಾಸಕ್ಕೆ ಇಳಿದ ಕೂಡಲೇ ಅದೆಲ್ಲ ಮಾಯ. ಅಭ್ಯಾಸದ ಒಂದು ಅರ್ಧಕ್ಕೂ ಇನ್ನೊಂದು ಅರ್ಧಕ್ಕೂ ಸಂಬಂಧವೇ ಇಲ್ಲದ ಹಾಗೆ ಆಗಿದೆ. ಚೊಯ್ ಅವರ ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೊ ಫೆಡರೇಷನ್) ಶಾಖೆಯಲ್ಲಿ ಕೈಗೆ ಗ್ಲೌಸ್ ಹಾಕಿ ಮುಖಕ್ಕೂ ಗುದ್ದಬಹುದು. ಪೆಟ್ಟು ಹಗುರವಾಗಿರಬೇಕು, ನಿಜ, ಆದರೂ ಅವರ ಕೈ ಮೇಲೆ ಇರುತ್ತೆ. ಇದೊಂದೇ ಸಾಕು ದೊಡ್ಡ ವ್ಯತ್ಯಾಸಕ್ಕೆ.

ಆತ್ಮರಕ್ಷಣೆ ಪಾಠ, ಅಂದರೆ ಹೊಸಿನ್‌ಸುಲ್, ಇನ್ನೊಂದು ಕಥೆ. ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳೋದು ಹೇಗೆ ಅಂತ ಹೆಣ್ಣುಮಕ್ಕಳಿಗೆ ಎಲ್ಲ ಕಡೆ ಹೇಳಿಕೊಡ್ತಾರೆ. ತತ್ವ ಸರಿಯಾಗೇ ಇದೆ. ಹಿಡಿತದಲ್ಲಿ ಬಲ ಕಮ್ಮಿ ಇರೋದು ಹೆಬ್ಬೆರಳು ಮತ್ತು ಬೆರಳುಗಳು ಸೇರುವ ಸಂದಿನಲ್ಲಿ. ಕೈಯನ್ನ ತನ್ನ ಕಡೆಗೆ ಎಳೆಯೋ ಬದಲು ಮಣಿಕಟ್ಟಿನ ತೆಳ್ಳಗಿನ ಅಂಚನ್ನ ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಅವನ ಕಡೆಗೇ ಹಾಕಿ, ನಮ್ಮ ಮೊಣಕೈಯನ್ನ ಅವನ ಮೊಣಕೈ ಕಡೆಗೆ ಮಡಚಿ ತಂದರೆ ಕೈ ಬಿಟ್ಟುಹೋಗುತ್ತೆ. ಎಡವೋದು ಅಭ್ಯಾಸದಲ್ಲಿ. ಜೊತೆಗಾರ ಮಣಿಕಟ್ಟು ಹಿಡಿದು ಬೊಂಬೆ ಥರ ನಿಂತಿರುತ್ತಾನೆ. ನಿಜವಾಗಿ ಹಿಡಿಯೋನು ಹಿಡಿದ ಕೂಡಲೇ ಎಳೀತಾನೆ, ಇನ್ನೊಂದು ಕೈಯಲ್ಲಿ ಹೊಡೀತಾನೆ ಅಥವಾ ಕೂದಲಿಗೆ ಕೈ ಹಾಕ್ತಾನೆ. ಎಳೆತ ಶುರುವಾದ ಮೇಲೆ ಕಾಲು ನೆಲೆ ತಪ್ಪಿರುತ್ತೆ, ಕಲಿತ ತಿರುವು ನೆನಪಿಗೇ ಬರಲ್ಲ. ಅದಕ್ಕೇ ಈ ಪಾಠವನ್ನ ಎಳೆದಾಡಿಸುತ್ತಲೇ ಕಲಿಸಬೇಕು. ಹತ್ತು ಸಲ ನಿಂತು ಮಾಡಿಸಿ, ಮುಂದಿನ ಐವತ್ತು ಸಲ ಜೊತೆಗಾರ ನಿಜವಾಗಿ ಎಳೀಲಿ.

ಹಲಗೆ ಒಡೆಯೋದರ ಬಗ್ಗೆ ಎರಡೇ ಮಾತು. ಮರದ ಎಳೆ ಹೋದ ದಿಕ್ಕಿಗೆ ಸೀಳುವ ಹಾಗೆ ಹಲಗೆ ಹಿಡಿದಿರುತ್ತಾರೆ, ಹಿಡಿದವರ ಮೊಣಕೈ ಬಿಗಿಯಾಗಿರಬೇಕು, ಸಡಿಲ ಬಿಟ್ಟರೆ ಹಲಗೆ ಹಿಂದಕ್ಕೆ ಹೋಗುತ್ತೆ, ಒಡೆಯಲ್ಲ. ಅಂಜಿಕೆ ಬಿಟ್ಟು ಗುರಿಯ ಆಚೆಗೆ ಹೊಡೆಯೋದನ್ನ ಅದು ಕಲಿಸುತ್ತೆ, ಅಷ್ಟು ಒಳ್ಳೆಯದೇ. ಅಲುಗಾಡೋ ಮನುಷ್ಯನ ಮೇಲೆ ಸಮಯ ನೋಡಿ ಹೊಡೆಯೋದನ್ನ ಕಲಿಸಲ್ಲ.

"ಶೋ" ಅನ್ನೋರಿಗೆ ಎಂಎಂಎ ತೋರಿಸ್ತೀನಿ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಪಂಜರದೊಳಗಿನ ಮಿಶ್ರ ಕಾದಾಟ. ಆಂಥನಿ ಪೆಟಿಸ್ ಟೇಕ್ವಾಂಡೊ ಬ್ಲ್ಯಾಕ್ ಬೆಲ್ಟ್. 2010 ರ ಡಿಸೆಂಬರ್‌ನಲ್ಲಿ ಬೆನ್ ಹೆಂಡರ್ಸನ್ ಎದುರು ಪಂಜರದ ಗೋಡೆಗೆ ಕಾಲು ಕೊಟ್ಟು ಹಾರಿ ತಲೆಗೆ ಒದ್ದವನು. ರೋಸ್ ನಮಜುನಸ್ ಚಿಕ್ಕಂದಿನಲ್ಲಿ ಶುರುಮಾಡಿದ್ದು ಟೇಕ್ವಾಂಡೊ. 2021 ರಲ್ಲಿ ಝಾಂಗ್ ವೇಲಿಯನ್ನ ಒಂದೇ ತಲೆ ಒದೆಗೆ ಮೊದಲ ಸುತ್ತಿನಲ್ಲೇ ಉರುಳಿಸಿ ಪಟ್ಟ ಗೆದ್ದರು. ಆದರೆ ಇವರಿಬ್ಬರೂ ಬಾಕ್ಸಿಂಗ್, ಕುಸ್ತಿ, ಜುಜಿಟ್ಸು ಎಲ್ಲ ಕೂಡಿಸಿಕೊಂಡವರು. ಎದುರಾಳಿಯ ಗಮನ ಇವರ ಕೈ ಕಡೆಗೂ ಹಿಡಿತದ ಕಡೆಗೂ ಹರಿದು ಹಂಚಿಹೋಗಿತ್ತು, ಕಾಲಿಗೆ ದಾರಿ ಸಿಕ್ಕಿತು. ಕಾಲೊಂದೇ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ತಡೆಯೋದು ಅಷ್ಟೇನೂ ಕಷ್ಟ ಅಲ್ಲ.

ಬೀದಿಗೆ ಉಪಯೋಗಕ್ಕೆ ಬರೋ ಒದೆಗಳನ್ನ ಆರಿಸು ಅಂದರೆ ನಾನು ಮೂರನ್ನ ಆರಿಸ್ತೀನಿ, ಮೂರೂ ಸೊಂಟದ ಮಟ್ಟ ದಾಟಲ್ಲ. ಮಿರೊ ಚಾಗಿ, ನೂಕುವ ಒದೆ: ಮುಂದಿನ ಕಾಲಿನ ಮಂಡಿ ಎದೆಗೆ ಬಂದು ಪೂರ್ತಿ ಅಂಗಾಲು ಅವನ ಬೆಲ್ಟ್ ಮೇಲೆ ಕೂತು, ಸೊಂಟ ಮುಂದಕ್ಕೆ ತಳ್ಳಬೇಕು. ಒದೆಯುವಾಗ ಮೈ ಹಿಂದಕ್ಕೆ ವಾಲಿದರೆ ನೂಕಿಸಿಕೊಳ್ಳೋದು ನೀವೇ. ಎರಡನೆಯದು ತೊಡೆಯ ಕೆಳಭಾಗಕ್ಕೆ ಯೊಪ್ ಚಾಗಿ, ಹಿಮ್ಮಡಿಯಿಂದ ಪಕ್ಕದ ಒದೆ. ಮೂರನೆಯದು ದ್ವಿ ಚಾಗಿ, ಬೆನ್ನು ತಿರುಗಿಸಿ ಹಿಮ್ಮಡಿಯಿಂದ ನೇರ ಹಿಂದಕ್ಕೆ ಒದೆಯೋದು. ನುಗ್ಗಿ ಬರುವವನಿಗೆ ಇದರಂಥ ಉತ್ತರ ಇಲ್ಲ, ಅವನ ವೇಗವೇ ನಮ್ಮ ಪೆಟ್ಟಿಗೆ ಸೇರುತ್ತೆ. ಒದೆಯುವ ಕಾಲು ನಿಂತ ಕಾಲಿನ ಮಂಡಿಗೆ ಸವರಿಕೊಂಡೇ ಹೋಗಬೇಕು. ಹೊರಗಿಂದ ಬಳಸಿ ಹೋದರೆ ಗುರಿ ತಪ್ಪಿ, ಅವನಿಗೆ ನಿಮ್ಮ ಬೆನ್ನು ಸಿಗುತ್ತೆ. ತಲೆಗೆ ಒದೆಯೋ ಆಸೆ ಇದ್ದವರು ಒಂದು ಪರೀಕ್ಷೆ ಮಾಡಿ: ಜೀನ್ಸ್, ಶೂ ಹಾಕಿಕೊಂಡು, ವಾರ್ಮಪ್ ಇಲ್ಲದೆ, ಬೆಳಗ್ಗೆ ಎದ್ದ ತಕ್ಷಣ ಎಷ್ಟು ಎತ್ತರಕ್ಕೆ ಕಾಲು ಹೋಗುತ್ತೋ ಅಷ್ಟೇ ನಿಮ್ಮ ನಿಜವಾದ ಎತ್ತರ. ಅದೂ ಒಣ ನೆಲದ ಮೇಲೆ. ಮಳೆ ಬಿದ್ದ ಟೈಲ್ಸ್ ಫುಟ್‌ಪಾತ್ ಮೇಲೆ ಒಂಟಿ ಕಾಲಲ್ಲಿ ನಿಲ್ಲೋದನ್ನ ಯೋಚಿಸಿ ನೋಡಿ.

ಕಲಿಸುವವರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಪಂದ್ಯಕ್ಕೆ ತಯಾರಿ ನಡೀಲಿ, ಸ್ಕೂಲ್ ಗೇಮ್ಸ್‌ನಲ್ಲಿ ಮಕ್ಕಳು ಪದಕ ತರಲಿ, ಅದರಲ್ಲಿ ಬೆವರಿದೆ, ಗೌರವವಿದೆ. ಜೊತೆಗೆ ವಾರಕ್ಕೊಂದು ದಿನ ಬೇರೆ ಸ್ಪಾರಿಂಗ್ ಇಡಿ. ಇಬ್ಬರಿಗೂ ಮೌತ್‌ಗಾರ್ಡ್, ಹೆಡ್‌ಗಾರ್ಡ್. ಒಬ್ಬನಿಗೆ 16 ಔನ್ಸ್ ಬಾಕ್ಸಿಂಗ್ ಗ್ಲೌಸ್, ಅವನ ಕೆಲಸ ನುಗ್ಗಿ ಹೋಗಿ ಮುಖ ಮುಟ್ಟೋದು ಇಲ್ಲವೇ ಸೊಂಟ ತಬ್ಬೋದು. ಇನ್ನೊಬ್ಬನ ಕೆಲಸ ಒದೆಯಿಂದ ದೂರ ಇಡೋದು, ದೂರ ಮುರಿದರೆ ಕೈ ಮೇಲೆತ್ತಿ ಪಕ್ಕಕ್ಕೆ ಜಾರಿ ಹೊರಬರೋದು. 2 ನಿಮಿಷದ 3 ಸುತ್ತು, ಬಲ ಮೂರರಲ್ಲಿ ಒಂದು ಪಾಲು ಸಾಕು. ಆಮೇಲೆ ಜಾಗ ಕಮ್ಮಿ ಮಾಡಿ, 2 ಮೀಟರ್ ಅಗಲದ ಚೌಕದೊಳಗೆ, ಬೆನ್ನಿಗೆ ಗೋಡೆ ಕೊಟ್ಟು ಆಡಿಸಿ. ಮೊದಲ ತಿಂಗಳು ಬ್ಲ್ಯಾಕ್ ಬೆಲ್ಟ್‌ಗಳಿಗೇ ಉಸಿರು ಕಟ್ಟುತ್ತೆ, ಒದೆಯೋಕೆ ಜಾಗವೇ ಸಿಗಲ್ಲ. ಎರಡನೇ ತಿಂಗಳಿಂದ ಕೈ ತಾನಾಗೇ ಮೇಲೆ ನಿಲ್ಲುತ್ತೆ, ನೂಕುವ ಒದೆ ಹೊತ್ತಿಗೆ ಸರಿಯಾಗಿ ಬರೋಕೆ ಶುರುವಾಗುತ್ತೆ.

ಮಗಳನ್ನ ಸೇರಿಸೋಕೆ ಹೊರಟವರು ಫೀಸು, ಬೆಲ್ಟ್ ಬಣ್ಣ, ಗೋಡೆ ಮೇಲಿನ ಸರ್ಟಿಫಿಕೇಟು ನೋಡೋ ಮುಂಚೆ ಸ್ಪಾರಿಂಗ್ ಇರೋ ದಿನ ಅರ್ಧ ಗಂಟೆ ಮೂಲೆಯಲ್ಲಿ ಕೂತು ನೋಡಿ. ಒದೆ ತಪ್ಪಿ ಇಬ್ಬರು ಮೈಗೆ ಮೈ ಬಂದಾಗ ಮಾಸ್ಟರ್ ಏನು ಮಾಡ್ತಾರೆ ಅಂತ ಗಮನಿಸಿ. ಪ್ರತಿ ಸಲವೂ "ಕಲ್ಯೊ" ಅಂತ ಕೂಗಿ ಬಿಡಿಸಿ ಮತ್ತೆ ದೂರ ನಿಲ್ಲಿಸಿದರೆ ಅದು ಪಂದ್ಯದ ಕ್ಲಾಸು. ಒಂದೆರಡು ಸಲವಾದರೂ ಬಿಡಿಸದೆ, "ಕೈ ಮೇಲೆ, ಪಕ್ಕಕ್ಕೆ ಬಾ, ಈಗ ನೂಕು" ಅಂತ ಹೇಳಿಕೊಡ್ತಿದ್ದರೆ ಅವತ್ತೇ ಅಡ್ಮಿಷನ್ ಮಾಡಿಸಿ.