ಜೋಳದ ಪಾಕದ ಮರುನಾಮಕರಣ

ಹೆಸರು ಕೆಟ್ಟರೆ ಏನು ಮಾಡಬೇಕು? ನಡತೆ ತಿದ್ದಿಕೊಳ್ಳಬೇಕು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಪಾಪ, ಅವರಿಗೆ ಅಮೆರಿಕದ ಮೆಕ್ಕೆಜೋಳದವರ ಪರಿಚಯ ಇರಲಿಲ್ಲ.

ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಒಂದು ಪಾಕವಿದೆ. ಹೈ ಫ್ರಕ್ಟೋಸ್ ಕಾರ್ನ್ ಸಿರಪ್. (ಫ್ರಕ್ಟೋಸ್ ಅಂದರೆ ಹಣ್ಣು, ಜೇನಿನಲ್ಲಿರುವ ಒಂದು ಬಗೆಯ ಸಕ್ಕರೆ.) ಸಕ್ಕರೆಗಿಂತ ಅಗ್ಗ ಅಂತ 1980ರ ದಶಕದಲ್ಲಿ ಅಲ್ಲಿನ ಕೂಲ್‌ಡ್ರಿಂಕ್ಸಿನೊಳಗೆ ಸಕ್ಕರೆಯನ್ನು ಎಬ್ಬಿಸಿ ಇದೇ ಬಂದು ಕೂತಿತು. ಆಮೇಲೆ ಬೊಜ್ಜಿನ ಮಾತು, ಫ್ಯಾಟಿ ಲಿವರ್ ಮಾತು ಬಂದಾಗೆಲ್ಲ ಇದರ ಹೆಸರೂ ಬರತೊಡಗಿತು. ತಯಾರಕರ ಸಂಘ ಯೋಚನೆ ಮಾಡಿತು. ಪಾಕ ಬದಲಿಸೋದು ಖರ್ಚಿನ ಬಾಬತ್ತು. ಹೆಸರು ಬದಲಿಸೋಕೆ ಒಂದು ಅರ್ಜಿ ಸಾಕು. 2010ರಲ್ಲಿ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಅರ್ಜಿ ಹೋಯಿತು: ನಮ್ಮ ಕೂಸನ್ನು ಇನ್ನು ಮುಂದೆ ‘ಕಾರ್ನ್ ಶುಗರ್’ ಅಂತ ಕರೆಯಲು ಅಪ್ಪಣೆಯಾಗಲಿ.

ಸಕ್ಕರೆಯವರಿಗೆ ಮೈಯೆಲ್ಲ ಉರಿಯಿತು. ಮನೆತನದ ಹೆಸರಿಗೇ ಕೈ ಹಾಕಿದರೆ ಸುಮ್ನಿರೋಕಾಗುತ್ತಾ? 2011ರಲ್ಲಿ ಕೋರ್ಟಿಗೆ ಹೋದರು. ಪಾಕದವರು ತಿರುಗಿ ಕೇಸು ಜಡಿದರು. ಇಷ್ಟಕ್ಕೂ ಇವರಿಬ್ಬರ ನಡುವೆ ಇರುವ ಅಂತರ ಎಷ್ಟು ಗೊತ್ತಾ? ಸಕ್ಕರೆ ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಕೂಲ್‌ಡ್ರಿಂಕ್ಸಿಗೆ ಹಾಕುವ ಪಾಕದ ಸಿಹಿಯಲ್ಲಿ ಶೇ 55 ಫ್ರಕ್ಟೋಸ್, ಉಳಿದದ್ದು ಹೆಚ್ಚುಕಮ್ಮಿ ಗ್ಲೂಕೋಸೇ. ಆ ಐದು ಪರ್ಸೆಂಟಿನ ಮೇಲೆ ಲಾಯರುಗಳು ನಾಲ್ಕು ವರ್ಷ ಉಂಡರು. 2015ರಲ್ಲಿ ರಾಜಿಯಾಯಿತು.

ನಡುವೆ, 2012ರ ಮೇ ತಿಂಗಳಲ್ಲಿ, ಎಫ್‌ಡಿಎ ಅರ್ಜಿ ತಳ್ಳಿಹಾಕಿತ್ತು. ಯಾಕೆ? ಸಕ್ಕರೆ ಅಂದರೆ ಗಟ್ಟಿಯಾಗಿರಬೇಕು, ಒಣಗಿರಬೇಕು, ಹರಳಾಗಿರಬೇಕು. ನಿಮ್ಮದು ನೀರುನೀರಾಗಿದೆ. (ಆ ಲೆಕ್ಕದಲ್ಲಿ ನಮ್ಮ ಜೋನಿಬೆಲ್ಲಕ್ಕೂ ಅಲ್ಲಿ ವೀಸಾ ಕಷ್ಟ.) ಇನ್ನೊಂದು ಕಾರಣ ಮಾತ್ರ ನ್ಯಾಯವಾದದ್ದು. ಕಾರ್ನ್ ಶುಗರ್ ಅನ್ನೋದು ಮೊದಲಿಂದಲೂ ಬರೀ ಗ್ಲೂಕೋಸಿಗಿದ್ದ ಹೆಸರು. ಫ್ರಕ್ಟೋಸ್ ಆಗಿಬರದವರು ಅದನ್ನು ನಂಬಿ ತಿಂದು ಆಸ್ಪತ್ರೆ ಸೇರಬಾರದಲ್ವಾ?

ಇಷ್ಟು ಗಲಾಟೆಯಲ್ಲಿ ಲಿವರ್ ಅಭಿಪ್ರಾಯ ಯಾರೂ ಕೇಳಲಿಲ್ಲ. ಗ್ಲೂಕೋಸ್ ಬಂದರೆ ಮೈಯೆಲ್ಲ ಹಂಚಿಕೊಂಡು ಉರಿಸುತ್ತದೆ. ಫ್ರಕ್ಟೋಸ್ ಜಾಸ್ತಿ ಬಂದರೆ ಬಹುಪಾಲು ಹೊರೆ ಲಿವರ್ ತಲೆಗೇ. ಅದು ಮಾಡುವಷ್ಟು ಮಾಡಿ, ಆಗದ್ದನ್ನು ಕೊಬ್ಬು ಮಾಡಿ ಮೂಲೆಗೆ ಪೇರಿಸುತ್ತದೆ. ಯೂರಿಕ್ ಆಸಿಡ್ ಬೇರೆ ಏರುತ್ತದೆ. ಬಂದದ್ದು ಅಮೆರಿಕದ ಜೋಳದಿಂದಲೋ ಮಂಡ್ಯದ ಕಬ್ಬಿನಿಂದಲೋ ಅಂತ ಅದು ಆಧಾರ್ ಕಾರ್ಡ್ ಕೇಳುವುದಿಲ್ಲ. ಇದರ ಮಧ್ಯೆ 2025ರ ಜುಲೈನಲ್ಲಿ ಟ್ರಂಪ್ ಸಾಹೇಬರು ಕೋಕ್‌ಗೆ ಕಬ್ಬಿನ ಸಕ್ಕರೆ ಹಾಕಲು ಕಂಪನಿಯನ್ನು ಒಪ್ಪಿಸಿದ್ದೇನೆ ಅಂತ ಸಾರಿದರು. ಕಂಪನಿಯೂ ಹೂಂ ಅಂದು, ಹಳೇದರ ಜೊತೆಗೆ ಇನ್ನೊಂದು ಬಾಟಲಿ ಬಿಡುವುದಾಗಿ ಹೇಳಿತು. ಲಿವರ್‌ಗೆ ಈಗ ಆಯ್ಕೆಯ ಸ್ವಾತಂತ್ರ್ಯ.

ನಾವೇನು ಕಮ್ಮಿ ಇಲ್ಲ. ಮೊನ್ನೆ ಭಾನುವಾರ ಭಾವ ಮನೆಗೆ ಬಂದಿದ್ದರು. ಅವರಿಗೆ ಶುಗರ್ ಇದೆ. (ಕಾಯಿಲೆಗೆ ನಾವು ಧಾರಾಳವಾಗಿ ಶುಗರ್ ಅಂತ ಹೆಸರಿಡುತ್ತೇವೆ, ಲಾಡಿಗೆ ಮಾತ್ರ ಇಡಲ್ಲ.) ಕೈಯಲ್ಲೊಂದು ಲಾಡಿನ ಡಬ್ಬ. ಮೇಲೆ ಅಂಗೈಯಗಲದ ಹಸಿರು ಅಕ್ಷರದಲ್ಲಿ ‘ಸಕ್ಕರೆ ಹಾಕಿಲ್ಲ’. ತಿರುಗಿಸಿದೆ. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಏರಿಸಿ ಓದಿದೆ: ಖರ್ಜೂರದ ಪಾಕ, ಬೆಲ್ಲ, ಜೇನು, ಫ್ರಕ್ಟೋಸ್.

“ಭಾವ, ಇದರಲ್ಲಿ ಬೆಲ್ಲ ಇದೆಯಲ್ಲ?”

“ಇದೆ ಕಣೋ. ಸಕ್ಕರೆ ಎಲ್ಲಿದೆ, ತೋರಿಸು.”

ಹುಡುಕಿದೆ. ಆ ಹೆಸರು ಎಲ್ಲೂ ಇರಲಿಲ್ಲ.

ಒಳಗಿಂದ ನನ್ನ ಹೆಂಡತಿ ಕಾಫಿ ತಂದಳು. ಸಕ್ಕರೆ ಹಾಕಿಲ್ಲ ತಾನೇ ಅಂತ ಭಾವ ಎರಡೆರಡು ಸಲ ಕೇಳಿ, ಮೂರನೇ ಲಾಡು ಮುರಿದರು.