ನನ್ನದು ಪ್ರಶ್ನೆ ಅಲ್ಲ ಸಾರ್, ಸಣ್ಣ ಅನಿಸಿಕೆ

ಮಲೆನಾಡಿನವರಿಗೆ ಪ್ರಶ್ನೆ ಕೇಳಿ ಅಂತ ಹೇಳಬಾರದು. ಹೇಳಿದರೆ ಅಧ್ಯಕ್ಷ ಭಾಷಣ ಬರುತ್ತದೆ. ಹೆಗ್ಗೋಡಿನ ಸಂಸ್ಕೃತಿ ಶಿಬಿರದಿಂದ ಹಿಡಿದು ಸೊಸೈಟಿಯ ವಾರ್ಷಿಕ ಸಭೆಯವರೆಗೆ, ಮೈಕು ಹಿಡಿದು ಸಭಿಕರ ನಡುವೆ ಓಡಾಡಿದ ಎಲ್ಲ ಹುಡುಗರಿಗೂ ಇದು ಗೊತ್ತು. ಗೊತ್ತಿಲ್ಲದವರು ಇಬ್ಬರು. ಅವರು ರಾಜಕೀಯ ಮತ್ತು ಸಂಸ್ಕೃತಿಯ ಮೇಲೆ ಒಂದು ಪಾಡ್‌ಕಾಸ್ಟ್ ನಡೆಸುತ್ತಾರೆ. ಇಬ್ಬರೂ ನಮ್ಮ ಕಡೆಯವರೇ. ಬೆಂಗಳೂರು ಸೇರಿ ಬಹಳ ವರ್ಷವಾಗಿದ್ದರಿಂದ ಮರೆತಿರಬೇಕು. 'ಈ ಸಲ ಪ್ರಶ್ನೋತ್ತರದ ಸಂಚಿಕೆ. ನಿಮ್ಮ ಪ್ರಶ್ನೆಯನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಿ' ಎಂದುಬಿಟ್ಟರು.

ಬಂದವು ನೋಡಿ. ಮೊದಲನೆಯದು ಶಿವಮೊಗ್ಗದ ಗಾಂಧಿ ಬಜಾರಿನಿಂದ. 'ನನ್ನದು ಪ್ರಶ್ನೆ ಅಲ್ಲ ಸಾರ್, ಸಣ್ಣ ಅನಿಸಿಕೆ' ಎಂದು ಶುರುವಾಗಿ ಎಂಟು ನಿಮಿಷ ನಡೆಯಿತು. ನಡುವೆ ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಬಂದರು, ಒಂದು ಲಾರಿ ಬಂತು. 'ಟೀ ಆರ್ತಾ ಇದೆ ಮಾರಾಯಾ' ಎಂದು ಯಾರೋ ಹೇಳಿದ್ದೂ ಕೇಳಿಸಿತು. ಕೊನೆಗೆ 'ಇದಕ್ಕೆ ನೀವೇನು ಹೇಳ್ತೀರಿ?' ಎಂಬ ಒಂದು ಸಾಲು. ಆ ಒಂದು ಸಾಲಿನ ಬಲದ ಮೇಲೆ ಅದು ಪ್ರಶ್ನೆಯಾಗಿ ಪಾಸಾಯಿತು.

ಇನ್ನೊಬ್ಬರು ಹೊಸನಗರದ ಕಡೆಯವರು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿಂದಿನ ಗುಡ್ಡ ಹತ್ತಿ, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ, ಡಿಜಿಟಲ್ ಯುಗದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯ ಎಲ್ಲಿಗೆ ಬಂತು ಎಂದು ಕೇಳಿದರು. ಟವರ್ ಎಲ್ಲಿಗೆ ಬಂತು ಎಂದು ಕೇಳಲಿಲ್ಲ. ಸಂಸ್ಕೃತಿಯ ಪಾಡ್‌ಕಾಸ್ಟಿನಲ್ಲಿ ಅಷ್ಟು ಚಿಲ್ಲರೆ ವಿಷಯ ಎತ್ತಿದರೆ ಮರ್ಯಾದೆ ಉಳಿಯುತ್ತದಾ?

ಹಿಂದೆ ನಮ್ಮ ಹಿರಿಯರು ಭದ್ರಾವತಿ ಆಕಾಶವಾಣಿಗೆ ಕಾರ್ಡು ಬರೆಯುತ್ತಿದ್ದರು. ಕಾರ್ಡು ಮುಗಿದಲ್ಲಿ ಅನಿಸಿಕೆಯೂ ಮುಗಿಯಬೇಕಿತ್ತು. ಬಹಳ ಉಪಕಾರ ಮಾಡಿದ ವಸ್ತು ಅದು. ಯಾರೂ ಅದಕ್ಕೊಂದು ಸನ್ಮಾನ ಮಾಡಲಿಲ್ಲ.

ಸಂಚಿಕೆಯಲ್ಲಿ ಕುವೆಂಪು ಬರಲೇಬೇಕಲ್ಲ, ಬಂದರು. 2023ರಲ್ಲಿ ಶುರುವಾದ, ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಅವರು ಈಗ ಇದ್ದಿದ್ದರೆ ಯಾವ ಪಕ್ಷಕ್ಕೆ ಓಟು ಹಾಕುತ್ತಿದ್ದರು ಎಂದು ಒಬ್ಬರು ಕೇಳಿದರು. ಉತ್ತರ ಎಷ್ಟು ಜಾಣತನದ್ದು ಅಂದರೆ, ಮೂರೂ ಪಕ್ಷದ ಕೇಳುಗರು ಧನ್ಯವಾದ ಹೇಳಿ ಬರೆದರು.

ಆದರೆ ಅಸಲಿ ಜಗಳ ಎದ್ದಿದ್ದು ಯಾರೂ ಕೇಳದ ಪ್ರಶ್ನೆಯಿಂದ. ಮಾತಿನ ನಡುವೆ ನಿರೂಪಕರಲ್ಲಿ ಒಬ್ಬರು 'ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ನಮ್ಮದು' ಎಂದರು. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಎಂಬ ಲೆಕ್ಕ. ಸುಮ್ನೆ, ಹುಟ್ಟಿದೂರಿನ ಅಭಿಮಾನಕ್ಕೆ. ಶಿವಮೊಗ್ಗದಲ್ಲಿ ಈ ಸಾಲನ್ನು ಮದುವೆಮನೆಯ ಪಂಕ್ತಿಯಲ್ಲೂ ಹೇಳುತ್ತಾರೆ, ಯಾರೂ ಲೆಕ್ಕ ಹಾಕಲು ಹೋಗುವುದಿಲ್ಲ. ಈ ಸಲ ಹಾಕಿದರು.

ಮೊದಲು ಬಂದಿದ್ದು ಜೆ.ಎಚ್. ಪಟೇಲರ ಮೇಲೆ ಆಕ್ಷೇಪ. ಅವರ ಊರು ಚನ್ನಗಿರಿ ತಾಲ್ಲೂಕು. ಅದೀಗ ದಾವಣಗೆರೆ ಜಿಲ್ಲೆ. 1997ರಲ್ಲಿ ದಾವಣಗೆರೆಯನ್ನು ಜಿಲ್ಲೆ ಮಾಡಿದ ಮುಖ್ಯಮಂತ್ರಿ ಯಾರು? ಪಟೇಲರೇ! ಅಂದರೆ ನಮ್ಮ ಪಟ್ಟಿಯಿಂದ ತಮ್ಮ ಹೆಸರನ್ನು ತಾವೇ ಸಹಿ ಹಾಕಿ ತೆಗೆದ ಹಾಗಾಯಿತು. ಈ ತರ್ಕ ಪಟೇಲರ ಕಿವಿಗೆ ಬಿದ್ದಿದ್ದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಉಳಿದದ್ದು ಮೂರು. ಅಷ್ಟರಲ್ಲಿ ಇನ್ನೊಬ್ಬರು, ಯಡಿಯೂರಪ್ಪನವರು ಹುಟ್ಟಿದ್ದು ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಎಂದು ನೆನಪಿಸಿದರು. ಹುಟ್ಟಿದ್ದು ಮುಖ್ಯವೋ ಗೆದ್ದಿದ್ದು ಮುಖ್ಯವೋ ಎಂದು ಒಂದು ಇಡೀ ದಿನ ಹೋಯಿತು. ಆಮೇಲೆ ಒಬ್ಬರು ಕಡಿದಾಳ್ ಮಂಜಪ್ಪನವರ ವಿಷಯ ತೆಗೆದರು. ಅವರು ಮುಖ್ಯಮಂತ್ರಿಯಾಗಿದ್ದದ್ದು 1956ರಲ್ಲಿ, ಸುಮಾರು ಎರಡೂವರೆ ತಿಂಗಳು. ಅದೂ ಏಕೀಕರಣಕ್ಕೆ ಮೊದಲಿನ ಮೈಸೂರು ರಾಜ್ಯಕ್ಕೆ. 'ಅದನ್ನೂ ಲೆಕ್ಕಕ್ಕೆ ಹಿಡಿಯೋದಾ?' ಮಂಜಪ್ಪನವರ ಊರಿನ ಕಡೆಯ ತೀರ್ಥಹಳ್ಳಿಯವರಿಗೆ ಸಿಟ್ಟು ಬಂತು. 'ಗೇಣಿದಾರರ ಪರ ನಿಂತವರನ್ನು ತಿಂಗಳ ಲೆಕ್ಕದಲ್ಲಿ ಅಳೀತೀರಾ?' ಎಂದು ಕೇಳಿದರು. ಇಡೀ ಗಲಾಟೆಯಲ್ಲಿ ಅರ್ಥವಿದ್ದ ಮಾತು ಅದೊಂದೇ. ಹಾಗಾಗಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಹೀಗೆ ಒಬ್ಬೊಬ್ಬರನ್ನೇ ಕಳೆಯುತ್ತಾ ಬಂದು ಕೊನೆಗೆ ಬಂಗಾರಪ್ಪನವರು ಒಬ್ಬರೇ ಉಳಿದರು. ಅವರ ಕ್ಷೇತ್ರ ಸೊರಬದಿಂದ ಚಪ್ಪಾಳೆಯ ಚಿತ್ರಗಳು ಬಂದವು. ತಕ್ಷಣ ಯಡಿಯೂರಪ್ಪನವರ ಕ್ಷೇತ್ರ ಶಿಕಾರಿಪುರದವರು ಹೊಸ ಗಣಿತ ತಂದರು. ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ತಗೊಂಡಿದ್ದಾರೆ. ಆ ಲೆಕ್ಕದಲ್ಲಿ ನಾಲ್ಕು ಅಂದರೆ ಅವರೊಬ್ಬರೇ ಸಾಕು, ಉಳಿದವರ ಚರ್ಚೆಯೇ ಬೇಡ!

ಈ ಗದ್ದಲದಲ್ಲಿ ಒಂದು ನಿಜವಾದ ಪ್ರಶ್ನೆಯೂ ಸಂಚಿಕೆಯಲ್ಲಿತ್ತು. ಸಾಗರ ತಾಲ್ಲೂಕಿನ ಒಬ್ಬ ಹೆಂಗಸಿನದು. ಅಡಿಕೆ ಸುಲಿಯುತ್ತಾ ಮಾತಾಡಿದ್ದಿರಬೇಕು, ಹಿಂದೆ ಮೆಟ್ಟುಗತ್ತಿಯ ಸದ್ದು. 'ನಮ್ಮಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿಲಿ ಮುಳುಗಿದ್ದು. ಬದಲಿಗೆ ತೋರಿಸಿದ ಜಾಗಕ್ಕೆ ಹಕ್ಕುಪತ್ರ ಇನ್ನೂ ಬಂದಿಲ್ಲ. ಯಾವಾಗ ಬರ್ತದೆ?' ಇಷ್ಟೇ. ಪೀಠಿಕೆ ಇಲ್ಲ, ಲೋಹಿಯಾ ಇಲ್ಲ. ಅಣೆಕಟ್ಟು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆಲ್ಲ ಕರೆಂಟು ಸಿಕ್ಕಿತು. ಮುಳುಗಡೆಯವರ ಕಾಗದ ಮಾತ್ರ ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಓಡಾಡುತ್ತಲೇ ಇದೆ.

ನಿರೂಪಕರು 'ತುಂಬಾ ಒಳ್ಳೆಯ ಪ್ರಶ್ನೆ' ಎಂದರು. ಅಲ್ಲಿಗೇ ನನಗೆ ಅನುಮಾನ ಬಂತು. ಆಮೇಲೆ ನೆಹರೂ ಕಾಲದ ಅಭಿವೃದ್ಧಿಯ ಕನಸು, ದೊಡ್ಡ ಅಣೆಕಟ್ಟುಗಳ ತಾತ್ವಿಕತೆ. 'ಮುಳುಗಡೆ ಅನ್ನೋದು ನೆನಪಿನ ಮುಳುಗಡೆಯೂ ಹೌದು' ಎಂದು ಒಬ್ಬರು ನಿಟ್ಟುಸಿರು ಬಿಟ್ಟರು. ಇನ್ನೊಬ್ಬರು ಹೌದು ಹೌದು ಎಂದರು. ಆ ಹೊತ್ತಿಗೆ ಹಕ್ಕುಪತ್ರವೂ ಮುಳುಗಿತ್ತು.

ಅಲ್ಲಿಂದ ಮಾತು ಕಾಗೋಡು ರೈತ ಸತ್ಯಾಗ್ರಹಕ್ಕೆ ಹೊರಳಿತು. 1951ರಲ್ಲಿ ಅದೇ ಸಾಗರ ತಾಲ್ಲೂಕಿನ ಗೇಣಿದಾರರು ರೈತ ನಾಯಕ ಎಚ್. ಗಣಪತಿಯಪ್ಪನವರ ಜೊತೆ ನಿಂತು ಕೇಳಿದ್ದು ಬಹಳ ಸಣ್ಣ ಪ್ರಶ್ನೆ. ಭೂಮಾಲೀಕರು ಗೇಣಿ ಭತ್ತ ಅಳೆಯುವ ಕೊಳಗ ಯಾಕೆ ದೊಡ್ಡದು? ಲೋಹಿಯಾ ಬಂದು ಬಂಧನವಾದದ್ದು ಆಮೇಲಿನ ಕತೆ. ಆಗಲೇ ಪಾಡ್‌ಕಾಸ್ಟ್ ಇದ್ದಿದ್ದರೆ ಕೊಳಗದ ಸಾಂಸ್ಕೃತಿಕ ನೆಲೆಗಳ ಬಗ್ಗೆ ಮೂರು ಸಂಚಿಕೆ ಬರುತ್ತಿತ್ತು. ಕೊಳಗ ಅಷ್ಟೇ ದೊಡ್ಡದಾಗಿ ಉಳಿಯುತ್ತಿತ್ತು.

ಆ ಹೆಂಗಸಿನ ಪ್ರಶ್ನೆಗೂ ಕೇಳುಗರ ಮೆಚ್ಚುಗೆ ಬಂದಿದೆ, ಇಲ್ಲ ಎನ್ನಬಾರದು. 'ಆ ಅಕ್ಕನ ಭಾಷೆ ಎಷ್ಟು ಚಂದ! ಅಪ್ಪಟ ಮಲೆನಾಡು' ಎಂದು ಅಮೆರಿಕದಿಂದ ಒಬ್ಬರು ಬರೆದಿದ್ದಾರೆ. ಮೆಟ್ಟುಗತ್ತಿಯ ಸದ್ದು ಕೇಳಿ ಬಾಲ್ಯ ನೆನಪಾಯಿತು ಎಂದು ಬೆಂಗಳೂರಿನ ಇನ್ನೊಬ್ಬರು. ಅವರು ಬಾಲ್ಯದಲ್ಲಿ ಎಷ್ಟು ಅಡಿಕೆ ಸುಲಿದಿದ್ದರೋ ಕೇಳಬೇಕು. ಹಕ್ಕುಪತ್ರ ಎಂಬ ಪದ ಯಾರ ಪ್ರತಿಕ್ರಿಯೆಯಲ್ಲೂ ಇಲ್ಲ. ತೀರ್ಥಹಳ್ಳಿಯ ಮೂರು ಪ್ರಶ್ನೆ ತಗೊಂಡು ಸಾಗರಕ್ಕೆ ಒಂದೇ ಕೊಟ್ಟಿದ್ದು ಅನ್ಯಾಯ ಎಂಬ ದೂರು ಮಾತ್ರ ಬಂದಿದೆ.

ನಿರೂಪಕರು ಪಾಠ ಕಲಿತಿದ್ದಾರೆ. ಇನ್ನು ಮೇಲೆ ವಾಯ್ಸ್ ಮೆಸೇಜು ಎರಡು ನಿಮಿಷ ಮೀರಬಾರದು ಎಂದು ನಿಯಮ ಮಾಡಿದ್ದಾರೆ. ಅದನ್ನು ವಿರೋಧಿಸಿ ಗಾಂಧಿ ಬಜಾರಿನವರು ನಾಲ್ಕು ಮೆಸೇಜು ಕಳಿಸಿದ್ದಾರೆ, ಒಂದೊಂದೂ ಸರಿಯಾಗಿ ಎರಡು ನಿಮಿಷದ್ದು. ಮುಳುಗಡೆಯ ವಿಷಯಕ್ಕೆ ಪ್ರತ್ಯೇಕ ಸಂಚಿಕೆಯನ್ನೇ ಮಾಡುತ್ತಾರಂತೆ, ಮುಂದೆ ಯಾವತ್ತಾದರೂ. ಸದ್ಯಕ್ಕೆ ಕೇಳುಗರ ಒತ್ತಾಯದ ಮೇರೆಗೆ 'ಶಿವಮೊಗ್ಗ ಕೊಟ್ಟ ಮುಖ್ಯಮಂತ್ರಿಗಳು ಎಷ್ಟು?' ಎಂಬ ವಿಶೇಷ ಚರ್ಚೆ ಬರುತ್ತಿದೆ. ಒಬ್ಬೊಬ್ಬರಿಗೆ ಒಂದರಂತೆ ನಾಲ್ಕು ಭಾಗ. ಒಂದೇ ಭಾಗ ಸಾಕು ಎಂದು ಸೊರಬದವರು ಆಗಲೇ ತಿಳಿಸಿದ್ದಾರೆ.