ಕಾದರೆ ಏನಾಗುತ್ತೆ ಅಂತೀರಾ?

ಇವತ್ತು ಧಾರವಾಡ ಕೋರ್ಟ್ ಕ್ಯಾಂಟೀನಿನಲ್ಲಿ ತಲೆ ಕೆಟ್ಟಿತು. ಯಾರದೋ ಮೊಬೈಲಿನಲ್ಲಿ ಬ್ರಿಟನ್ನಿನ ಸುದ್ದಿ. ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಬಂದು ಆಶ್ರಯ ಕೇಳಿದ ಮಕ್ಕಳ ಅರ್ಜಿ ಅಲ್ಲಿ ವರ್ಷಗಟ್ಟಲೆ ಕೊಳೆಯುವ ವಿಷಯ. ಎದುರಿಗಿದ್ದ ಹಿರಿಯ ವಕೀಲರು ಮಿರ್ಚಿ ಮುರಿಯುತ್ತಾ, "ಊಟ, ವಸತಿ ಎಲ್ಲಾ ಕೊಡ್ತಾರಲ್ರೀ, ಕಾದ್ರ ಏನಾಗ್ತದ?" ಅಂದರು.

ಹದಿನೆಂಟು ಆಗ್ತದ್ರಿ ಸಾಹೇಬ್ರ! ಅದೇ ಆಗೋದು.

ಹದಿನಾರಕ್ಕೆ ಅರ್ಜಿ ಹಾಕಿದ ಹುಡುಗನ ಫೈಲು ಎರಡು ವರ್ಷ ಮೇಜಿನ ಮೇಲೆ ಕೂತರೆ, ತೆರೆಯುವ ಹೊತ್ತಿಗೆ ಆತ ಕಾನೂನಿನ ಲೆಕ್ಕದಲ್ಲಿ ಮಗುವೇ ಅಲ್ಲ. ನೆದರ್ಲೆಂಡ್ಸ್‌ಗೆ ಒಂಟಿಯಾಗಿ ಬಂದ ಎರಿಟ್ರಿಯಾದ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಅರ್ಜಿ ಹಾಕಿದಾಗ ಚಿಕ್ಕವಳು. ವಿಚಾರಣೆ ನಡೆಯುತ್ತಿರುವಾಗಲೇ 18 ತುಂಬಿತು. ಆಶ್ರಯವೇನೋ ಸಿಕ್ಕಿತು. ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಹೋದರೆ, ನೀನೀಗ ದೊಡ್ಡವಳು, ಆಗಲ್ಲ ಅಂದರು. 2018ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಅರ್ಜಿ ಹಾಕಿದ ದಿನದ ವಯಸ್ಸೇ ಲೆಕ್ಕ ಎಂದಿತು. ಇಲ್ಲದಿದ್ದರೆ ಮಗುವಿನ ಹಕ್ಕು ಗುಮಾಸ್ತನ ಕೈವೇಗದ ಮೇಲೆ ನಿಲ್ಲುತ್ತೆ, ಅಲ್ವಾ?

ದೊಡ್ಡವರೂ ಮಕ್ಕಳೆಂದು ಸುಳ್ಳು ಹೇಳ್ತಾರಲ್ಲ ಅಂತೀರಿ. ಹೇಳ್ತಾರೆ. ಅದಕ್ಕೇ ಬೇಗ ತೀರ್ಮಾನ ಮಾಡಿ ಅನ್ನೋದು! ತಡವಾದಷ್ಟೂ ಲಾಭ ಸುಳ್ಳುಗಾರನಿಗೇ. ಇನ್ನು ವಯಸ್ಸಿನ ದಾಖಲೆಯ ಮಾತು ನಾವು ಆಡೋದಾ? ನಮ್ಮಪ್ಪ, ಅವರ ತಮ್ಮಂದಿರು, ಎಲ್ಲರೂ ಹುಟ್ಟಿದ್ದು ಜೂನ್ 1ಕ್ಕೆ! ರೋಣದ ಕಡೆಯ ಮಾಸ್ತರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದದ್ದು.

ನಮ್ಮ 2015ರ ಬಾಲನ್ಯಾಯ ಕಾಯ್ದೆ ನೋಡಿ. ದಾಖಲೆ ಇಲ್ಲದ ಮಗುವಿನ ವಯಸ್ಸಿನ ಪರೀಕ್ಷೆ, ಆದೇಶವಾದ 15 ದಿನದಲ್ಲಿ ಮುಗಿಯಬೇಕು. ಮುಗಿಯುತ್ತಾ? ಅದನ್ನು ಮಾತ್ರ ಕೇಳಬೇಡಿ, ನನ್ನ ಹೊಟ್ಟೆಪಾಡೂ ಅಲ್ಲೇ ಇದೆ. ಆದರೆ ಗಡುವು ಅಂತ ಒಂದು ಬರೆದಿದ್ದರೆ ಅದನ್ನು ಹಿಡಿದು ಜಗಳವಾದರೂ ಆಡಬಹುದು.

ಆಶ್ರಯದ ವಿಷಯಕ್ಕೆ ಬಂದರೆ ನಮ್ಮಲ್ಲಿ ಅದೂ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾಯ್ದೆ ಮಾಡಿಲ್ಲ. ಮುಂಡಗೋಡದಲ್ಲಿ ಟಿಬೆಟಿನವರಿಗೆ 1960ರ ದಶಕದಲ್ಲೇ ಜಾಗ ಕೊಟ್ಟೆವು, ಹೆಮ್ಮೆಯೇ. ಆಗ ಸರ್ಕಾರ ಮನಸ್ಸು ಮಾಡಿತು, ಆಯಿತು. ಮಾಡದಿದ್ದರೆ?

ನಾಳೆ ಬರ್ಮಾದ ಒಂದು ಮಗು ಒಂಟಿಯಾಗಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದರೆ, ಆಶ್ರಯಕ್ಕೆ ಯಾವ ಸೆಕ್ಷನ್ ಕೆಳಗೆ ಅರ್ಜಿ ಹಾಕಲಿ? ಎಷ್ಟು ದಿನ ಕಾಯಲು ಹೇಳಲಿ? ವಕೀಲ ಮಿತ್ರರೇ, ಕಮೆಂಟಿನಲ್ಲಿ ಹೇಳಿ. ಸುಮ್ನೆ "ಒಳ್ಳೆ ಬರಹ ಸರ್" ಅಂತ ಹಾಕಬೇಡಿ.